ಮೊದಲು ಸ್ವಲ್ಪ ಭಯವಾಯಿತು

ನನ್ನನ್ನು ಮನಃಶಾಸ್ತ್ರಕ್ಕೆ ಹಾಕಿದ್ದು ಅಪ್ಪ. ಮನೆಯಿಂದ ಹೊರಡುವಾಗ ಕಾಮರ್ಸ್ ಎಂದೇ ಹೊರಟಿದ್ದೆವು. ಹೊಸಪೇಟೆಯಲ್ಲಿ ನಮ್ಮದು ಬೆಲ್ಲದ ಮಂಡಿ. ಮಗಳು ವ್ಯಾಪಾರದ ವಿದ್ಯೆ ಕಲಿತರೆ ಮನೆಗೇ ಉಪಯೋಗ ಎಂಬುದು ಅಪ್ಪನ ಯೋಚನೆ. ಕಾಲೇಜಿನ ಕಚೇರಿಯ ಕಿಟಕಿಯೊಳಗಿಂದ ಗುಮಾಸ್ತರು ಪಿಯುಸಿಗೆ ಇರುವ ವಿಷಯಗಳನ್ನೆಲ್ಲ ಒಂದೇ ಉಸಿರಿನಲ್ಲಿ ಓದಿದರು. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಎಲ್ಲ ಆಗಿ ಕೊನೆಗೆ ಮನಃಶಾಸ್ತ್ರ ಎಂದರು.

"ಅದೇನ್ರಿ ಅದು, ಕಡೀದು?" ಅಪ್ಪ ಕೇಳಿದ.

"ಮನಸಿನ ವಿಷಯ ರೀ. ಮನಸು ಹೆಂಗಿರ್ತದ, ಯಾಕ ಕೆಡ್ತದ, ಎಲ್ಲಾ ಅದರಾಗ ಬರ್ತದ. ಹೊಸಾ ಸಬ್ಜೆಕ್ಟ್. ಹುಡುಗರು ಭಾಳ ಬರವಲ್ರು."

ಅಪ್ಪ ಕಿಟಕಿಯ ಸರಳು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. "ಇಕಿನ್ನ ಅದಕ್ಕ ಹಾಕ್ರಿ" ಎಂದ. ನಾನು ಹಿಂದಿನಿಂದ ಅಂಗಿ ಜಗ್ಗಿದೆ, ತಿರುಗಿಯೂ ನೋಡಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಸ್ಕೂಟರಿನ ಹತ್ತಿರ ಬಂದ ಮೇಲೆ, ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದ: "ಎರಡು ವರ್ಷ ಮನಸಿಟ್ಟು ಓದವ್ವ. ಅಣ್ಣನ್ನ ನೀನ ಸರಿ ಮಾಡಬೇಕು. ಕಾಲೇಜಿನಾಗ ಯಾರ ಮುಂದೂ ಬಾಯಿ ಬಿಡಬ್ಯಾಡ."

ನನಗಾಗ ಹದಿನಾರು ವರ್ಷ. ಊರಿನಲ್ಲಿ ಇಷ್ಟು ದೊಡ್ಡವರಿರುವಾಗ ಅಣ್ಣನನ್ನು ಸರಿ ಮಾಡುವ ಕೆಲಸ ನನ್ನ ತಲೆಗೆ ಕಟ್ಟಿದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಅಪ್ಪ ತೀರಿಹೋಗಿ ಬಹಳ ಕಾಲವಾಯಿತು, ಸಿಟ್ಟು ಮಾತ್ರ ಉಳಿದಿದೆ.

ಅಣ್ಣ ನನಗಿಂತ ಏಳು ವರ್ಷ ದೊಡ್ಡವನು. ಬಿ.ಕಾಂ. ಅರ್ಧಕ್ಕೆ ಬಿಟ್ಟು ಅಪ್ಪನ ಜೊತೆ ಮಂಡಿಯಲ್ಲಿ ಕೂರುತ್ತಿದ್ದ. ಬೆಲ್ಲದ ಅಚ್ಚನ್ನು ಹೆಬ್ಬೆರಳಿನಿಂದ ಒತ್ತಿ, ಮೂಸಿ, ಇದು ಕಂಪ್ಲಿ ಕಡೆಯದು, ಇದು ಇಲ್ಲೇ ಡ್ಯಾಮಿನ ಕೆಳಗಿನ ಕಬ್ಬು ಎಂದು ಹೇಳಿ ನಗುತ್ತಿದ್ದ. ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಟಿ.ಬಿ. ಡ್ಯಾಮಿಗೆ ಕರೆದುಕೊಂಡು ಹೋಗುತ್ತಿದ್ದ. ಅಂಥವನು ಒಂದು ದಿನ ಹಮಾಲರು ತನ್ನ ಬಗ್ಗೆ ಮಾತಾಡುತ್ತಾರೆ ಎಂದ. ಇನ್ನೊಂದು ದಿನ ತಕ್ಕಡಿಯ ಹತ್ತಿರ ನಿಂತವರು ಕಣ್ಣಿನಲ್ಲಿ ಸನ್ನೆ ಮಾಡಿಕೊಳ್ಳುತ್ತಾರೆ ಎಂದ. ಆಮೇಲೆ ಮಂಡಿಗೆ ಹೋಗುವುದನ್ನೇ ಬಿಟ್ಟ. ಊರಂಚಿನ ಚಿತ್ತವಾಡ್ಗಿಯ ನಮ್ಮ ಮನೆಯ ಹಿಂದಿನ ಕೋಣೆಯ ಕಿಟಕಿ ಕಾಲುವೆಯ ಕಡೆಗಿತ್ತು. ಆ ಕಿಟಕಿಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತುಬಿಟ್ಟ. ಒಮ್ಮೊಮ್ಮೆ ತನ್ನಷ್ಟಕ್ಕೆ ನಗುತ್ತಿದ್ದ, ತಲೆಯಾಡಿಸುತ್ತಿದ್ದ, ಯಾರಿಗೋ "ಹ್ಞೂಂ" ಅನ್ನುತ್ತಿದ್ದ.

ನಮ್ಮ ಕಡೆಯವರಿಗೆ ಆ ವರ್ಷಗಳಲ್ಲಿ ಎಲ್ಲಕ್ಕೂ ಮದ್ದು ಗೊತ್ತಿತ್ತು. ಕಾಲುವೆಯ ನೀರು ಬಂದು ಕಬ್ಬು, ಭತ್ತ, ಬಾಳೆ ಎಲ್ಲ ಬಂದಿದ್ದವು. ಹೆಂಚಿನ ಮನೆಗಳ ಮೇಲೆ ಮಾಳಿಗೆ ಎದ್ದಿತ್ತು. ಕಂಪ್ಲಿಯ ನಮ್ಮ ಸೋದರಮಾವ ಟ್ರ್ಯಾಕ್ಟರ್ ತಂದು ಅದಕ್ಕೆ ವರ್ಷಕ್ಕೊಮ್ಮೆ ಬಣ್ಣ ಹೊಡೆಸುತ್ತಿದ್ದ. ಪೈರಿಗೆ ಹುಳು ಬಿದ್ದರೆ ಔಷಧಿ ಹೊಡಿ, ನೀರು ಕಡಿಮೆಯಾದರೆ ಇಂಜಿನಿಯರನ್ನು ಕಾಣು, ಎಲ್ಲದಕ್ಕೂ ಒಂದು ದಾರಿ. ಹುಚ್ಚಿಗೆ ಮಾತ್ರ ಇದ್ದ ದಾರಿಯ ಹೆಸರು ಹೇಳಲು ಎಲ್ಲರಿಗೂ ಹೆದರಿಕೆ. ನಮ್ಮಲ್ಲಿ ಯಾರನ್ನಾದರೂ ಧಾರವಾಡಕ್ಕೆ ಕಳಿಸಬೇಕು ಎಂದರೆ ಓದಲು ಎಂದು ಯಾರೂ ತಿಳಿಯುವುದಿಲ್ಲ, ಅಲ್ಲಿಯ ಹುಚ್ಚರ ದವಾಖಾನೆ ಎಂದೇ ತಿಳಿಯುತ್ತಾರೆ. ಅವ್ವ ಒಮ್ಮೆ ಬಾಯಿಬಿಟ್ಟು ಹೇಳಿದ್ದಳು, ಧಾರವಾಡಕ್ಕೆ ತೋರಿಸಿಕೊಂಡು ಬನ್ನಿ ಎಂದು. ಅಪ್ಪ ತಾಟು ಸರಿಸಿ ಎದ್ದ.

"ಧಾರವಾಡಕ್ಕ ಹೋಗ್ಯಾನ ಅಂತ ಒಮ್ಮೆ ಸುದ್ದಿ ಆತಂದ್ರ ಮುಗೀತು. ಈ ಮನಿಗೆ ಹೆಣ್ಣೂ ಬರೂದಿಲ್ಲ, ಈ ಮನಿ ಹೆಣ್ಣೂ ಹೊರಗ ಹೋಗೂದಿಲ್ಲ."

ಈ ಮನೆಯ ಹೆಣ್ಣು ಎಂದರೆ ನಾನು. ಅವ್ವ ಅವನ ತಾಟು ಎತ್ತಿಕೊಂಡು ಹೋದಳು. ಆದ್ದರಿಂದ ಕಾಲೇಜಿನ ಕಿಟಕಿಯಲ್ಲಿ ಮನಸ್ಸು ಯಾಕೆ ಕೆಡುತ್ತದೆ ಎನ್ನುವ ಮಾತು ಕಿವಿಗೆ ಬಿದ್ದಾಗ ಅಪ್ಪನಿಗೆ ಏನನ್ನಿಸಿರಬಹುದು ಎಂದು ನಾನು ಊಹಿಸಬಲ್ಲೆ. ಊರು ಬಿಡದೆ, ಯಾರಿಗೂ ಗೊತ್ತಾಗದೆ, ಮನೆಯಲ್ಲೇ ಒಬ್ಬ ಡಾಕ್ಟರನ್ನು ತಯಾರು ಮಾಡಿದಂತಾಯಿತು ಎಂದುಕೊಂಡ.

ತರಗತಿಯಲ್ಲಿ ನಾವು ಹದಿಮೂರು ಮಂದಿ. ಮೇಡಂ ಮೈಸೂರು ಕಡೆಯವರು, ಗಂಡ ಡ್ಯಾಮಿನಲ್ಲಿ ಇಂಜಿನಿಯರ್. ಡ್ಯಾಮಿನ ಕ್ವಾರ್ಟರ್ಸಿನಿಂದ ಬಸ್ಸಿನಲ್ಲಿ ಬರುತ್ತಿದ್ದರು, ಬಸ್ಸು ತಪ್ಪಿದ ದಿನ ಪಾಠವೂ ತಪ್ಪುತ್ತಿತ್ತು. ಕೆಟ್ಟವರಲ್ಲ. ನಗುನಗುತ್ತಾ ನೋಟ್ಸ್ ಹೇಳಿ ಬರೆಸುತ್ತಿದ್ದರು. ಪ್ರಯೋಗಾಲಯ ಎಂದರೆ ಒಂದು ಕಪಾಟು. ಅದರಲ್ಲಿ ಕನ್ನಡಿ ಕೂರಿಸಿದ ಒಂದು ಹಲಗೆ, ಅಕ್ಷರ ಬರೆದ ರಟ್ಟಿನ ಚೀಟಿಗಳು, ಒಂದು ಸ್ಟಾಪ್‌ವಾಚು. ವಾಚನ್ನು ಮೇಡಂ ಕಪಾಟಿನಿಂದ ತೆಗೆದು ತೋರಿಸಿ ಮತ್ತೆ ಕೀಲಿ ಹಾಕಿದರು. ಒಂದೇ ಇದೆ, ಕೆಟ್ಟರೆ ಮತ್ತೆ ಬರುವುದಿಲ್ಲ ಎಂದರು.

ಪಾಠ ಶುರುವಾದದ್ದು ನಾಯಿಯಿಂದ. ಗಂಟೆ ಬಾರಿಸಿದರೆ ಜೊಲ್ಲು ಸುರಿಸುವ ನಾಯಿ. ಅಪ್ಪ ಸಂಜೆ ಮಂಡಿಯಿಂದ ಬಂದು, ಹಿತ್ತಲಲ್ಲಿ ಕಾಲು ತೊಳೆಯುತ್ತಾ ಕೇಳುತ್ತಿದ್ದ: "ಎಲ್ಲೀತನ ಬಂತು?"

"ನಾಯಿ ನಡದದ ಅಪ್ಪ."

ಮಳೆಗಾಲವಿಡೀ ನಾಯಿಯೇ ಆಯಿತು. ದಸರಾ ದಾಟಿದ ಮೇಲೆ ಪೆಟ್ಟಿಗೆಯೊಳಗಿಂದ ತಪ್ಪಿಸಿಕೊಳ್ಳುವ ಬೆಕ್ಕು ಬಂತು. ಕಬ್ಬಿನ ಸುಗ್ಗಿ ಶುರುವಾಗಿ ಮಂಡಿಯ ಮುಂದೆ ಬಂಡಿಗಳು ಸಾಲುಗಟ್ಟಿದಾಗ ನಾವು ಪಾರಿವಾಳದಲ್ಲಿದ್ದೆವು.

"ಮನಷ್ಯಾರು ಯಾವಾಗ ಬರ್ತಾರಬೇ?" ಅಪ್ಪ ಒಂದು ದಿನ ಕೇಳಿಯೇಬಿಟ್ಟ. ನನಗೆ ನಗು ಬಂತು. ಅವನು ನಗಲಿಲ್ಲ.

ಮನುಷ್ಯರು ಬಂದದ್ದು ಪ್ರಾಕ್ಟಿಕಲ್ಲಿನಲ್ಲಿ. ಪ್ರತಿ ಪ್ರಯೋಗಕ್ಕೂ ಇಬ್ಬರು ಬೇಕು. ಒಬ್ಬರು ಪ್ರಯೋಗ ಮಾಡುವವರು, ಇನ್ನೊಬ್ಬರು ಮಾಡಿಸಿಕೊಳ್ಳುವವರು, ಅವರಿಗೆ ಸಬ್ಜೆಕ್ಟ್ ಎನ್ನುತ್ತಿದ್ದರು. ತರಗತಿಯಲ್ಲಿ ಎಲ್ಲರೂ ಜೋಡಿಯಾದರು, ನಾನೊಬ್ಬಳು ಉಳಿದೆ. ಮನೆಯಲ್ಲಿ ಯಾರನ್ನಾದರೂ ಕೂರಿಸಿಕೊಂಡು ಮಾಡಿ ಬರೆದುಕೊಂಡು ಬಾ ಎಂದರು ಮೇಡಂ. ಈ ಮಾತನ್ನು ನಾನು ಮನೆಯಲ್ಲಿ ಸುಮ್ಮನೆ ಹೇಳಿದ್ದು. ಅಪ್ಪನ ಮುಖ ಬೆಳಗಿತು. "ನೋಡಿದ್ಯಾ?" ಎಂದು ಅವ್ವನ ಕಡೆ ತಿರುಗಿದ, "ಶುರು ಆತು."

ಅವರಿಬ್ಬರೂ ಅದನ್ನು ಚಿಕಿತ್ಸೆ ಎಂದೇ ತಿಳಿದರು. ನಾನು ಎಷ್ಟು ಹೇಳಿದರೂ ಅಪ್ಪ ತಲೆಗೆ ಹಾಕಿಕೊಳ್ಳಲಿಲ್ಲ. ಪ್ರಾಕ್ಟಿಕಲ್ ಇರುವ ದಿನ ಅವ್ವ ಅಣ್ಣನಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಳು. ಹಣೆಗೆ ವಿಭೂತಿ, ಮಡಿಸಿದ ಬಿಳಿ ಅಂಗಿ. ಪ್ರಯೋಗ ಮುಗಿದ ಮೇಲೆ ಒಂದು ಲೋಟ ಹಾಲು, ಕಹಿ ಔಷಧಿ ಕುಡಿಸಿದ ಮೇಲೆ ಕೊಡುತ್ತಾರಲ್ಲ ಹಾಗೆ. ಅಷ್ಟು ಹೊತ್ತು ಯಾರೂ ಆ ಕೋಣೆಯ ಕಡೆ ಸುಳಿಯುವಂತಿರಲಿಲ್ಲ. ನನ್ನ ಹತ್ತಿರ ಸ್ಟಾಪ್‌ವಾಚು ಇರಲಿಲ್ಲವಾದ್ದರಿಂದ ಅಣ್ಣನ ಕೈಗಡಿಯಾರವೇ ಗತಿ. ನಾನು ಚಾಪೆ ಹಾಸಿ ಕುಳಿತ ಕೂಡಲೇ ಅವನು ತಾನಾಗಿಯೇ ಅದನ್ನು ಬಿಚ್ಚಿ ನನ್ನ ಕೈಯಲ್ಲಿಡುತ್ತಿದ್ದ, ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ.

ಮೊದಮೊದಲು ಖುಷಿಯೇ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯುವ ಪ್ರಯೋಗದಲ್ಲಿ ಅವನ ಕೈ ಎಡಕ್ಕೆ ಹೋಗಬೇಕಾದಾಗ ಬಲಕ್ಕೆ ಹೋಯಿತು. ಅಣ್ಣ ಮೊದಲಿನ ಹಾಗೆ ಜೋರಾಗಿ ನಕ್ಕ. "ಏ, ಇದರಾಗಿನ ಕೈ ನನ್ನ ಮಾತ ಕೇಳವಲ್ದಲ್ಲೇ!" ಎಂದ. ಅಡುಗೆಮನೆಯಲ್ಲಿ ಅವ್ವ ಆ ನಗು ಕೇಳಿ ಬಾಗಿಲಿಗೆ ಬಂದು ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವತ್ತು ಅಣ್ಣ ನಮ್ಮ ಜೊತೆ ಕುಳಿತು ಊಟ ಮಾಡಿದ. ತಿಂಗಳುಗಟ್ಟಲೆ ಯಾರೂ ಅವನಿಗೆ ಎದುರು ಕುಳಿತು ಒಂದು ಪ್ರಶ್ನೆ ಕೇಳಿರಲಿಲ್ಲ, ಅವನು ಹೇಳಿದ್ದನ್ನು ಕಿವಿಗೊಟ್ಟು ಕೇಳಿರಲಿಲ್ಲ. ನಾನು ಕೇಳಿದೆ ಅಷ್ಟೇ. ಅಪ್ಪ ಮಾತ್ರ ಅದನ್ನು ವಿದ್ಯೆಯ ಮಹಿಮೆ ಎಂದುಕೊಂಡ.

ಆಮೇಲೆ ನೆನಪಿನ ಪ್ರಯೋಗ ಬಂತು. ಅರ್ಥವಿಲ್ಲದ ಅಕ್ಷರಗಳ ಒಂದು ಸಾಲನ್ನು ಓದಿ ಹೇಳುವುದು, ಸಬ್ಜೆಕ್ಟ್ ಅದನ್ನು ನೆನಪಿಟ್ಟುಕೊಂಡು ಹಾಗೇ ಒಪ್ಪಿಸಬೇಕು. ತರಗತಿಯಲ್ಲಿ ಜಾಣೆಯರೂ ತಡವರಿಸಿದ್ದರು. ಅಣ್ಣ ಕಿಟಕಿಯ ಕಡೆ ಸ್ವಲ್ಪ ತಲೆ ವಾಲಿಸಿ, ಒಂದೂ ತಪ್ಪದೆ ಒಪ್ಪಿಸಿದ. ಇನ್ನೂ ಉದ್ದದ ಸಾಲು ಓದಿದೆ. ಅದನ್ನೂ ಒಪ್ಪಿಸಿದ. ನನಗೆ ಆಶ್ಚರ್ಯವಾಯಿತು, ಹೆಮ್ಮೆಯೂ ಆಯಿತು. ಪ್ರತಿ ಪ್ರಯೋಗದ ಕೊನೆಗೆ ಸಬ್ಜೆಕ್ಟನ್ನು ಒಂದು ಪ್ರಶ್ನೆ ಕೇಳಬೇಕಿತ್ತು: ಪ್ರಯೋಗ ನಡೆಯುವಾಗ ನಿನ್ನ ಮನಸ್ಸಿನಲ್ಲಿ ಏನಾಯಿತು? ಅದಕ್ಕೆ ಅಂತರಾವಲೋಕನ ಎಂದು ದೊಡ್ಡ ಹೆಸರು. ಕೇಳಿದೆ.

"ನಾ ಎಲ್ಲಿ ನೆನಪಿಟ್ಟೀನಿ?" ಎಂದ ಅಣ್ಣ. "ಅಕಿ ಹೇಳಿಕೊಟ್ಲು, ನಾ ಹೇಳಿದೆ."

"ಯಾರು?"

"ಕಾಲುವ್ಯಾಗಿನಾಕಿ." ಮಾತಾಡುತ್ತಲೇ ಕಿಟಕಿಯ ಕಡೆ ನೋಡಿದ. "ಭಾಳ ಮಂದಿ ಅದಾರ ಅಲ್ಲಿ. ಉಳಿದವರು ಬೈತಾರ. ಇಕಿ ಒಬ್ಬಾಕಿ ಚಲೋ. ನೀರಿನಗುಂಟ ಹಂಪಿ ಕಡಿಗೆ ಹೋಗ್ತಾಳ, ಸಂಜಿಗೆ ತಿರುಗಿ ಬರ್ತಾಳ. ನೀ ಒಮ್ಮೆ ಓದಿದ್ದು ಅಕಿಗೆ ಮರೆಯಂಗಿಲ್ಲ."

ನಾನು ಹೆದರಿ ಕಿಟಕಿಯ ಕಡೆ ನೋಡಿದೆ. ಅವನ ಮುಖದಲ್ಲಿ ಮಾತ್ರ ಅಂಜಿಕೆ ಏನೂ ಇರಲಿಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ನಾನೂ ಹಾಗೇ ಬರೆದುಕೊಂಡೆ, ಯಾಕೆಂದರೆ ಹಾಗೇ ಬರೆಯಬೇಕೆಂದು ಪುಸ್ತಕದಲ್ಲಿತ್ತು. ಯಾರ ಮುಂದೂ ಬಾಯಿ ಬಿಡಬೇಡ ಎಂದಿದ್ದ ಅಪ್ಪನ ಮಾತು ನೆನಪಿತ್ತು. ಆದರೆ ಇದು ಬಾಯಿ ಬಿಟ್ಟದ್ದಲ್ಲವಲ್ಲ, ಬರೆದದ್ದು. ಮೇಡಂ ಓದಿ ಗಾಬರಿಯಾಗಲಿ, ಯಾರಿದು ಎಂದು ಕೇಳಲಿ, ಆಗ ಹೇಳಿಬಿಡುತ್ತೇನೆ ಎಂದುಕೊಂಡು ಪುಸ್ತಕವನ್ನು ಅವರ ಮೇಜಿನ ಮೇಲಿಟ್ಟೆ.

ಮೇಡಂ ಆ ನಾಲ್ಕು ಸಾಲಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದರು.

"ನಿನ್ನ ಸಬ್ಜೆಕ್ಟ್ ತಮಾಷೆ ಮಾಡಿದಾನೆ ಕಣಮ್ಮ. ಇಂಥದ್ದೆಲ್ಲ ಬರೀಬಾರದು. ಎಕ್ಸಾಮಿನರ್ ನೋಡಿದರೆ ಮಾರ್ಕ್ಸ್ ಕಟ್ ಮಾಡ್ತಾರೆ." ಆಮೇಲೆ ಇಡೀ ತರಗತಿಗೆ ತಿರುಗಿ ಹೇಳಿ ಬರೆಸಿದರು: "ಮೊದಲು ಸ್ವಲ್ಪ ಭಯವಾಯಿತು. ನಂತರ ಸುಲಭವಾಯಿತು. ಎಲ್ಲಾ ಪ್ರಯೋಗಕ್ಕೂ ಇದನ್ನೇ ಬರೀರಿ. ನಿಮ್ಮ ಸಬ್ಜೆಕ್ಟ್‌ಗಳಿಗೂ ಬಾಯಿಪಾಠ ಮಾಡಿಸಿ, ಪರೀಕ್ಷೆಯಲ್ಲಿ ಅವರನ್ನೂ ಕೇಳ್ತಾರೆ."

ಅಂದಿನಿಂದ ಹೊಸಪೇಟೆಯ ನಮ್ಮ ತರಗತಿಯಲ್ಲಿ ಎಲ್ಲರ ಮನಸ್ಸಿನಲ್ಲೂ ಒಂದೇ ಆಗುತ್ತಿತ್ತು. ನಾನು ಅಣ್ಣನಿಗೆ ಬಾಯಿಪಾಠ ಮಾಡಿಸಿದೆ. ಪುಸ್ತಕದ ಭಾಷೆಯಲ್ಲಿ ಆ ಎರಡು ವಾಕ್ಯ ಅವನ ಬಾಯಿಂದ ಬರುವಾಗ ಬಾನುಲಿಯ ವಾರ್ತೆಯ ಹಾಗೆ ಕೇಳಿಸುತ್ತಿತ್ತು. ಆ ಹೆಂಗಸಿನ ಸುದ್ದಿಯನ್ನು ಅಪ್ಪನಿಗೆ ಹೇಳಿದೆ. "ಪಾಠ ಇನ್ನೂ ಮುಗದಿಲ್ಲಲ್ಲ. ಅದಕ್ಕೂ ಇರ್ತದ ಏನರ" ಎಂದ.

ಆ ಬೇಸಿಗೆಯಲ್ಲಿ ಪ್ರತಿ ವರ್ಷದಂತೆ ಕಾಲುವೆ ಬಂದ್ ಆಯಿತು. ದುರಸ್ತಿಗೆಂದು ನೀರು ನಿಲ್ಲಿಸಿದ ಮೇಲೆ ಅದರ ತಳದಲ್ಲಿ ಕೆಸರು ಒಡೆದು, ಹರಿದ ಚಪ್ಪಲಿಗಳು, ಬಾಳೆದಿಂಡುಗಳು ಕಾಣಿಸಿಕೊಂಡವು. ನೀರಿನ ಸದ್ದೇ ಅವನಿಗೆ ಮಾತಿನಂತೆ ಕೇಳುತ್ತಿರಬಹುದು, ಇನ್ನು ಸುಮ್ಮನಾಗುತ್ತಾನೆ ಎಂದು ಅಪ್ಪ ಹಿಗ್ಗಿದ. ಅಣ್ಣ ಇನ್ನಷ್ಟು ಮುಂದಕ್ಕೆ ಬಾಗಿ ಕುಳಿತ. "ನೀರಿಲ್ಲಲ್ಲ" ಎಂದ ನನಗೆ, "ಈಗ ಎಲ್ಲಾ ಸ್ವಚ್ಛ ಕೇಳಸ್ತದ."

ಎರಡನೇ ವರ್ಷದ ಪುಸ್ತಕವನ್ನು ಅಪ್ಪ ಕಾಲೇಜು ತೆರೆಯುವ ಮೊದಲೇ ಬಳ್ಳಾರಿಯಿಂದ ತರಿಸಿದ. ಆ ಪಾಠ ಇತ್ತು. ಎಲ್ಲಕ್ಕಿಂತ ಕೊನೆಯದು, ನಾಲ್ಕೇ ಪುಟ. ನಡುಮನೆಯ ಮೆಟ್ಟಿಲ ಮೇಲೆ ಕುಳಿತು ಓದಿದೆ. ಇಲ್ಲದ ಮಾತು ಕೇಳಿಸುವುದು, ಯಾರೋ ತನ್ನ ಮೇಲೆ ಸಂಚು ಮಾಡುತ್ತಾರೆ ಎನ್ನುವುದು, ಮೂಲೆ ಹಿಡಿಯುವುದು, ಎಲ್ಲ ಅಲ್ಲಿತ್ತು. ನಮ್ಮ ಹಿಂದಿನ ಕೋಣೆಯಲ್ಲಿ ಇಣುಕಿ ನೋಡಿ ಬರೆದಿದ್ದಾರೆ ಅನ್ನಿಸಿತು. ಕೊನೆಗೆ ಒಂದೇ ವಾಕ್ಯದ ಪರಿಹಾರ: ಇಂಥವರನ್ನು ತಡಮಾಡದೆ ತಜ್ಞ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಅಪ್ಪ ಬಂದ ಕೂಡಲೇ ಓದಿ ಹೇಳಿದೆ, ಎರಡು ಸಲ ಓದಿದೆ. "ತಡಮಾಡದೆ ಅಂತದ ಅಪ್ಪ. ಧಾರವಾಡಕ್ಕ ಹೋಗೋಣು."

"ಅದು ಬುಕ್ಕಿನಾಗಿನ ಮಾತು. ಬುಕ್ಕಿನಾಗ ಎಲ್ಲಾ ಬಿಚ್ಚಿ ಬರೀತಾರೇನು? ಮೇಡಮ್ಮು ಪಾಠ ಮಾಡ್ಲಿ. ಒಳಗಿಂದು ಅವರು ಹೇಳ್ತಾರ."

"ಒಳಗಿಂದು ಏನಿಲ್ಲ ಅಪ್ಪ, ಇಷ್ಟ!"

"ದನಿ ಇಳಸು" ಎಂದ ಅಪ್ಪ. ಹಿಂದಿನ ಕೋಣೆಯಲ್ಲಿ ಅಣ್ಣ "ಹ್ಞೂಂ" ಅಂದದ್ದು ನಮಗಿಬ್ಬರಿಗೂ ಕೇಳಿಸಿತು. ನಾನು ಪುಸ್ತಕವನ್ನು ನೆಲಕ್ಕೆ ಬಡಿದು ಎದ್ದು ಹೋದೆ. ಅವ್ವ ಅದನ್ನು ಎತ್ತಿ, ಸರಸ್ವತಿ ಎಂದು ಕಣ್ಣಿಗೊತ್ತಿಕೊಂಡು, ದೇವರ ಗೂಡಿನ ಪಕ್ಕ ಇಟ್ಟಳು.

ಇಡೀ ವರ್ಷ ಆ ಪಾಠಕ್ಕೆ ಕಾದೆವು. ಅಣ್ಣ ಇಳಿಯುತ್ತಾ ಹೋದ. ಊಟಕ್ಕೆ ಹೊರಗೆ ಬರುವುದು ನಿಂತಿತು, ಸ್ನಾನಕ್ಕೆ ಏಳಿಸುವುದೇ ಒಂದು ಯುದ್ಧವಾಯಿತು. ಪ್ರಯೋಗಕ್ಕೆ ಮಾತ್ರ ಕೂರುತ್ತಿದ್ದ, ಗಡಿಯಾರ ಬಿಚ್ಚಿ ಕೊಡುತ್ತಿದ್ದ. ಸುಗ್ಗಿ ಮುಗಿಯುವ ಹೊತ್ತಿಗೆ ತರಗತಿಯಲ್ಲಿ ಉಳಿದದ್ದು ಆ ಪಾಠವೊಂದೇ. ಮೇಡಂ ಪುಸ್ತಕ ಮುಚ್ಚಿ, "ಕೊನೇ ಚಾಪ್ಟರ್‌ನಿಂದ ಎರಡು ಮಾರ್ಕ್ಸಿಗೆ ಮಾತ್ರ ಬರುತ್ತೆ, ನೀವೇ ಓದಿಕೊಳ್ಳಿ" ಎಂದರು. ಹುಡುಗಿಯರು ಬೆಂಚು ತಟ್ಟಿ ಖುಷಿಪಟ್ಟರು. ಪಾಠ ಮುಗಿಯಿತಲ್ಲ ಎಂದು ಹಂಪಿಗೆ ಹೋಗಿ ಬರುವ ಮಾತು ತೆಗೆದರು. ನಾನು ಡೆಸ್ಕಿನ ಮೇಲೆ ತಲೆಯಿಟ್ಟು ಅತ್ತೆ. ಪಕ್ಕದವಳು ಹೊಟ್ಟೆ ನೋವಾ ಎಂದು ಕೇಳಿದಳು, ಹೌದು ಎಂದೆ.

ಸಂಜೆ ಅಪ್ಪನಿಗೆ ಹೇಳಿದೆ. ಈಗಲಾದರೂ ಧಾರವಾಡ ಅನ್ನುತ್ತಾನೆ ಎಂದು ನಾನೂ ಅವ್ವನೂ ಅವನ ಬಾಯಿಯನ್ನೇ ನೋಡುತ್ತಿದ್ದೆವು.

"ದೊಡ್ಡ ಪರೀಕ್ಷಾದಾಗ ಹೊರಗಿನವರು ಬರ್ತಾರ ಅಂದಿದ್ದಿಲ್ಲ?" ಎಂದ ಕೊನೆಗೆ. "ಅವರು ಈ ಮೇಡಮ್ಮಿಗಿಂತ ದೊಡ್ಡವರಲ್ಲೇನು? ಅಣ್ಣನ್ನ ಕರಕೊಂಡು ಹೋಗು. ಅವರು ನೋಡ್ಲಿ."

ಪ್ರಾಕ್ಟಿಕಲ್ ಪರೀಕ್ಷೆಗೆ ಪ್ರತಿಯೊಬ್ಬರೂ ತಮ್ಮ ಸಬ್ಜೆಕ್ಟನ್ನು ಕರೆದುಕೊಂಡು ಬರಬೇಕಿತ್ತು. ಒಬ್ಬಳು ತಂಗಿಯನ್ನು, ಇನ್ನೊಬ್ಬಳು ಓಣಿಯ ಗೆಳತಿಯನ್ನು ತಂದಿದ್ದಳು. ನಾನೂ ಪಕ್ಕದ ಮನೆಯ ಹುಡುಗಿಗೆ ಹೇಳಿಟ್ಟಿದ್ದೆ, ಅಪ್ಪ ಬಿಡಲಿಲ್ಲ. ತಾನೂ ಇಸ್ತ್ರಿ ಮಾಡಿದ ಧೋತರ ಉಟ್ಟು, ಒಳ್ಳೆಯ ಬೆಲ್ಲದ ಒಂದು ಅಚ್ಚನ್ನು ಹೊಸ ಟವೆಲಿನಲ್ಲಿ ಸುತ್ತಿಕೊಂಡು ಬಂದು ಕಾಲೇಜಿನ ಜಗಲಿಯಲ್ಲಿ ಕುಳಿತ. ಅಣ್ಣ ಎರಡು ವರ್ಷದಲ್ಲಿ ಮೊದಲ ಸಲ ಅಷ್ಟು ದೂರ ನಡೆದಿದ್ದ. ಸಂಡೂರಿನ ಕಡೆಯಿಂದ ಬಂದ ಅದಿರಿನ ಲಾರಿಗಳು ರಸ್ತೆಯಲ್ಲಿ ಸಾಲಾಗಿ ಹೋಗುವಾಗ ನನ್ನ ಮುಂಗೈ ಹಿಡಿದುಕೊಂಡ.

ನನಗೆ ಬಂದ ಪ್ರಯೋಗ ಅದೇ, ನೆನಪಿನದು. ಪರೀಕ್ಷಕರು ಬೇಸತ್ತು ಕೂತಿದ್ದರು. ಅಣ್ಣ ತಲೆಯನ್ನು ಒಂದು ಕಡೆ ವಾಲಿಸಿ, ಒಂದು ಅಕ್ಷರ ತಪ್ಪದೆ ಒಪ್ಪಿಸಿದ. ಅಲ್ಲಿ ಕಾಲುವೆ ಇರಲಿಲ್ಲ. ಅವಳು ಅವನ ಜೊತೆಗೇ ಬಂದಿದ್ದಾಳೆ ಎಂದು ನನಗೆ ಆಗ ತಿಳಿಯಿತು. ಪರೀಕ್ಷಕರು ಕನ್ನಡಕ ಎತ್ತಿ ನೋಡಿದರು.

"ಶಭಾಷ್! ಏನನ್ನಿಸ್ತಪ್ಪ ಮಾಡುವಾಗ?"

"ಮೊದಲು ಸ್ವಲ್ಪ ಭಯವಾಯಿತು. ನಂತರ ಸುಲಭವಾಯಿತು."

ಅವರು ತಲೆಯಾಡಿಸಿ ಗುರುತು ಹಾಕಿದರು. ಪರೀಕ್ಷೆ ಮುಗಿಸಿ ಅವರು ಹೊರಗೆ ಬಂದಾಗ ಅಪ್ಪ ಎದ್ದು ಕೈಮುಗಿದು ಬೆಲ್ಲ ಮುಂದೆ ಹಿಡಿದ. "ಹೆಂಗದಾನ್ರಿ ಸರ್ ನಮ್ಮ ಹುಡುಗ?" ಅವರಿಗೆ ಅಪ್ಪನ ಪ್ರಶ್ನೆಯ ಒಳಗೇನಿದೆ ಎಂದು ಹೇಗೆ ಗೊತ್ತಾಗಬೇಕು? "ಮಸ್ತ್ ಅದಾನ್ರಿ. ಇಂಥಾ ನೆನಪು ನಾ ಎಲ್ಲೂ ನೋಡಿಲ್ಲ" ಎಂದು ಬೆಲ್ಲವನ್ನು ನಯವಾಗಿ ಬೇಡವೆಂದು ಹೋದರು. ನಾನು ಅವರ ಹಿಂದೆ ಎರಡು ಹೆಜ್ಜೆ ಹೋದೆ. ಅಪ್ಪ ನನ್ನ ರಟ್ಟೆ ಹಿಡಿದ. ಅವನ ಕಣ್ಣಲ್ಲಿ ನೀರು ತುಂಬಿತ್ತು.

"ಕೇಳಿದ್ಯಿಲ್ಲೋ? ಪಾಸಾದ! ನಮ್ಮ ಹುಡುಗ ಪಾಸಾದ!"

ಅಪ್ಪ ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ಮುಖದ ಮುಂದೆ ನಿಂತು, ಇಲ್ಲ ಅಪ್ಪ, ಅದು ನೆನಪಲ್ಲ, ಅದೇ ರೋಗ ಎಂದು ಹೇಳಿದೆ. ಹೇಳಿದೆ ಎನ್ನುವುದು ಖರೆ. ಅವನ ಕಿವಿಗೆ ಹೋಗಲಿಲ್ಲ ಎನ್ನುವುದೂ ಅಷ್ಟೇ ಖರೆ. ದಾರಿಯಲ್ಲಿ ಪೇಢೆ ಕೊಂಡ. ಮರುವಾರವೇ ಅಣ್ಣನನ್ನು ಮಂಡಿಯ ಗಾದಿಯ ಮೇಲೆ ತನ್ನ ಪಕ್ಕ ಕೂರಿಸಿದ.

ಅಣ್ಣ ಅಲ್ಲಿ ಕಿವಿ ಮುಚ್ಚಿಕೊಂಡು ಕೂರುತ್ತಿದ್ದನಂತೆ. ಬೇಸಿಗೆ ಕಳೆಯಿತು, ಕಾಲುವೆ ಮತ್ತೆ ಬಂದ್ ಆಗಿತ್ತು. ನಾಳೆ ನೀರು ಬಿಡುತ್ತಾರೆ ಎಂದು ಮಂಡಿಯಲ್ಲಿ ರೈತರು ಮಾತಾಡಿಕೊಳ್ಳುವುದನ್ನು ಅಣ್ಣ ಕೇಳಿಸಿಕೊಂಡ. ಮರುದಿನ ಬೆಳಿಗ್ಗೆ ಹಿಂದಿನ ಬಾಗಿಲಿಂದ ಹೋಗಿ ಕಾಲುವೆಯೊಳಗೆ ಇಳಿದ. ನಾವು ಓಡಿಹೋದಾಗ ಕೆಸರಿನಲ್ಲಿ ಮಂಡಿಯೂರಿ ಎರಡೂ ಕೈಯಿಂದ ತೋಡುತ್ತಿದ್ದ. ಉಗುರು ಕಿತ್ತು ರಕ್ತ ಬರುತ್ತಿತ್ತು. ಮೇಲಿನಿಂದ ನೀರು ಕಸಕಡ್ಡಿ ನೂಕಿಕೊಂಡು ಬರುವುದು ಕಾಣುತ್ತಿತ್ತು.

"ಅಕಿ ಒಳಗದಾಳಲೇ!" ನನ್ನನ್ನು ನೋಡಿ ಕೂಗಿದ. "ಜಲ್ದಿ ಬಾ! ನೀರು ಬಂತಂದ್ರ ಸಾಯ್ತಾಳ, ಜಲ್ದಿ ಬಾ!"

ಬಾಳೆಗೊನೆಯ ಬಂಡಿಯವರು ಇಳಿದು, ಅವನನ್ನು ಹೆಗಲು ಕಾಲು ಹಿಡಿದು ಎತ್ತಿ ದಂಡೆಗೆ ತಂದರು. ಅವನು ಅವರ ಕೈಯಲ್ಲಿ ಒದ್ದಾಡುತ್ತಾ, ಸತ್ತಳು ಸತ್ತಳು ಎಂದು ಅಳುತ್ತಿದ್ದ. ಚಿತ್ತವಾಡ್ಗಿಗೆ ಚಿತ್ತವಾಡ್ಗಿಯೇ ದಂಡೆಯ ಮೇಲೆ ನಿಂತು ನೋಡಿತು. ಮುಚ್ಚಿಡಲು ಇನ್ನೇನೂ ಉಳಿಯಲಿಲ್ಲ.

ಆದರೂ ನಾವು ಧಾರವಾಡದ ರೈಲು ಹತ್ತುವ ದಿನ ಅವ್ವ ಪಕ್ಕದ ಮನೆಯವರಿಗೆ, ಜವಳಿ ತರಲು ಹುಬ್ಬಳ್ಳಿಗೆ ಹೋಗ್ಯಾರ ಎಂದು ಹೇಳಿದ್ದಳು. ಅವರು ಹೌದೇನ್ರಿ ಎಂದರಂತೆ. ಅಣ್ಣ ಕಿಟಕಿಯ ಹತ್ತಿರ ಕುಳಿತು, ಬಟ್ಟೆ ಸುತ್ತಿದ ಬೆರಳುಗಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

ಅಣ್ಣ ಆಮೇಲೆ ಬಹಳ ವರ್ಷ ಬದುಕಿದ. ಮಾತ್ರೆಗಳು ಆ ದನಿಗಳನ್ನು ದೂರ ಮಾಡಿದವು. ಅವುಗಳ ಜೊತೆ ಅವನ ನಗುವೂ, ಬೆಲ್ಲದ ವಾಸನೆ ಹಿಡಿಯುವ ಮೂಗೂ ಹೋದವು. ಎರಡು ವರ್ಷ ಮೊದಲೇ ತಂದಿದ್ದರೆ ಏನಾಗುತ್ತಿತ್ತು ಎಂದು ನಾನು ಎಷ್ಟೋ ಡಾಕ್ಟರರನ್ನು ಕೇಳಿದ್ದೇನೆ. ಯಾರೂ ನನ್ನ ಮುಖ ನೋಡಿ ಉತ್ತರ ಕೊಟ್ಟಿಲ್ಲ. ಮನಃಶಾಸ್ತ್ರವನ್ನು ನಾನು ಮುಂದೆ ಓದಲಿಲ್ಲ. ಆ ವಿಷಯದಲ್ಲಿ ಕಾಲೇಜಿಗೇ ನನಗೆ ಹೆಚ್ಚು ಅಂಕ ಬಂದಿತ್ತು.

ಧಾರವಾಡದಲ್ಲಿ ಅವತ್ತು ನಮ್ಮ ಸರದಿ ಬರುವಾಗ ಮಧ್ಯಾಹ್ನವಾಗಿತ್ತು. ವಯಸ್ಸಾದ ಡಾಕ್ಟರು. ಅಣ್ಣನಿಗೆ ಎದುರಿನ ಕುರ್ಚಿ ತೋರಿಸಿ "ಕುಂದ್ರಪ್ಪ" ಎಂದರು. ಎಷ್ಟು ದಿನದಿಂದ ಹೀಗೆ ಎಂದು ಅಪ್ಪನನ್ನು ಕೇಳಿದರು. ಎರಡು ವರ್ಷದ ಮೇಲಾಯಿತು ಎಂದ ಅಪ್ಪ.

"ಇಲ್ಲೀತನ ಯಾರ ಕಡೆ ತೋರಿಸಿದ್ರಿ?"

ಅಪ್ಪ ನನ್ನ ಕಡೆ ಕೈ ಮಾಡಿದ. "ಇಕಿ ನೋಡ್ಕೊಂತಿದ್ಲು ರೀ. ಇಕಿ ಅದನ್ನ ಓದ್ಯಾಳ್ರಿ."

ಡಾಕ್ಟರು ನನ್ನನ್ನು ನೋಡಿದರು. ಎರಡು ಜಡೆ ಹಾಕಿಕೊಂಡಿದ್ದೆ. ಆಮೇಲೆ ಅಣ್ಣನ ಕಡೆ ಕುರ್ಚಿ ಎಳೆದುಕೊಂಡರು. ಅವಸರವಿಲ್ಲದ ದನಿಯಲ್ಲಿ ಕೇಳಿದರು: "ನಿನ್ನ ಮನಸಿನ್ಯಾಗ ಏನಾಗಾಕ ಹತ್ತೇದ, ಇದ್ದದ್ದು ಇದ್ದಂಗ ಹೇಳಪ್ಪ. ನಾ ಕೇಳ್ತೀನಿ."

ಅಣ್ಣ ಕೈಗಡಿಯಾರ ಬಿಚ್ಚಿ ನನ್ನ ಕೈಯಲ್ಲಿಟ್ಟ. ಬೆನ್ನು ನೆಟ್ಟಗೆ ಮಾಡಿದ.

"ಮೊದಲು ಸ್ವಲ್ಪ ಭಯವಾಯಿತು" ಎಂದ. "ನಂತರ ಸುಲಭವಾಯಿತು."

ಹೇಳಿ, ನನ್ನ ಕಡೆ ತಿರುಗಿ, ಮೆಲ್ಲಗೆ ಕೇಳಿದ: "ಬರೋಬರಿ ಬಂತಿಲ್ಲೋ?"